ಹೇಳಿಕೊಳ್ಳಲೇಬೇಕಾದ ನೋವುಗಳು

ನಮ್ಮ ಹೆಣ್ಣುಮಕ್ಕಳಿಗೆ ಒಂದು ಅಭ್ಯಾಸ. ಜ್ವರ ಬಂದರೆ "ಏನಿಲ್ಲ, ಸ್ವಲ್ಪ ಮೈ ಬೆಚ್ಚಗಿದೆ ಅಷ್ಟೆ" ಅನ್ನುತ್ತೇವೆ. ಸೊಂಟ ಹಿಡಿದುಕೊಂಡರೆ ಗೋಡೆಗೆ ಕೈ ಊರಿಕೊಂಡೇ ಒಲೆ ಹಚ್ಚುತ್ತೇವೆ. ಮನೆಯವರೆಲ್ಲ ಉಂಡು ಎದ್ದು, ಪಾತ್ರೆ ತೊಳೆದಾದ ಮೇಲೆ ಒಂದು ಗಳಿಗೆ ಚಾಪೆಯ ಮೇಲೆ ಒರಗಿದರೆ ಅದೇ ನಮಗೆ ಔಷಧಿ. ಇದಕ್ಕಾಗಿ ನಮ್ಮನ್ನು ಹೊಗಳುವವರೂ ಇದ್ದಾರೆ, ಭೂಮಿ ತೂಕದವಳು, ಸಹನೆಯ ಮೂರ್ತಿ ಅಂತೆಲ್ಲ. ಸಾಮಾನ್ಯ ದಿನಗಳಲ್ಲಿ ಹೇಗೋ ನಡೆದುಹೋಗುತ್ತದೆ. ಆದರೆ ಸ್ತನದ ಕ್ಯಾನ್ಸರಿಗೆ ಕೀಮೊಥೆರಪಿ ತೆಗೆದುಕೊಳ್ಳುವ ತಿಂಗಳುಗಳಲ್ಲಿ ಇದೇ ಅಭ್ಯಾಸ ಪ್ರಾಣಕ್ಕೆ ಎರವಾಗಬಹುದು.

ನಾನು ವೈದ್ಯಳಲ್ಲ. ನಿಮ್ಮ ಹಾಗೆಯೇ ಮನೆ ನೋಡಿಕೊಳ್ಳುವವಳು. ನಮ್ಮ ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿಗೆ, ನಲವತ್ತಾರನೆಯ ವಯಸ್ಸಿನಲ್ಲಿ ಎಡ ಸ್ತನದಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಆಮೇಲೆ ಕೀಮೊ ಶುರುವಾಯಿತು. ನಮ್ಮದು ತಾಲ್ಲೂಕು ಕೇಂದ್ರ. ಆಸ್ಪತ್ರೆ ಇರುವುದು ಬೆಂಗಳೂರಿನಲ್ಲಿ, ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಸುಮಾರು ಆರು ತಿಂಗಳು ಆ ದಾರಿಯಲ್ಲಿ ಅತ್ತಿಗೆಯ ಜೊತೆ ಓಡಾಡಿದವಳು ನಾನು. ಕಣ್ಣಾರೆ ಕಂಡದ್ದು, ಡಾಕ್ಟರು ನರ್ಸುಗಳನ್ನು ಕೇಳಿ ತಿಳಿದದ್ದು, ಆಮೇಲೆ ಓದಿ ಖಚಿತ ಮಾಡಿಕೊಂಡದ್ದು, ಇಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಈಗ ಸ್ತನದ ಕ್ಯಾನ್ಸರಿನದೇ. 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳು ಅಂತ ಅಂದಾಜು. ನಿಮಗೆ ಬೇಡ, ಯಾರಿಗೂ ಬೇಡ. ಆದರೆ ನಿಮ್ಮ ಓರಗಿತ್ತಿಗೋ, ಪಕ್ಕದ ಮನೆಯಾಕೆಗೋ ಬಂದಾಗ ಈ ನಾಲ್ಕು ಮಾತು ಉಪಯೋಗಕ್ಕೆ ಬಂದೀತು.

ಕೀಮೊ ಅಂದರೆ ಏನು, ಅದು ಮೈಗೆ ಯಾಕೆ ಇಷ್ಟು ಕಾಟ ಕೊಡುತ್ತದೆ? ಕ್ಯಾನ್ಸರಿನ ಜೀವಕೋಶಗಳು ಬೇಗ ಬೇಗ ಒಡೆದು ಎರಡಾಗುತ್ತಾ ಹೋಗುತ್ತವೆ. ಹಾಗೆ ಬೇಗ ಬೆಳೆಯುವುದನ್ನು ಕೊಲ್ಲುವುದೇ ಈ ಔಷಧಿಯ ಕೆಲಸ. ಕಳೆಗೆ ಅಂತ ಹೊಡೆದ ಔಷಧಿ ಪಕ್ಕದ ಸೊಪ್ಪಿನ ಮಡಿಗೂ ಬೀಳುವುದಿಲ್ಲವೇ, ಹಾಗೆ. ನಮ್ಮ ಮೈಯಲ್ಲಿ ಬೇಗ ಬೆಳೆಯುವ ಒಳ್ಳೆಯ ಕೋಶಗಳೂ ಇವೆ: ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಯ ಮಜ್ಜೆ. ಪೆಟ್ಟು ಅವಕ್ಕೂ ಬೀಳುತ್ತದೆ. ಆದರೆ ಅವು ಚೇತರಿಸಿಕೊಳ್ಳುತ್ತವೆ. ಹಾಗೆ ಚೇತರಿಸಿಕೊಳ್ಳಲಿ ಅಂತಲೇ ಒಂದು ಸರದಿಗೂ ಇನ್ನೊಂದಕ್ಕೂ ನಡುವೆ, ಹೆಚ್ಚಾಗಿ, 21 ದಿನ ಬಿಡುತ್ತಾರೆ.

ಕೆಂಪು ಔಷಧಿ

ಅತ್ತಿಗೆಗೆ ಮೊದಲ ನಾಲ್ಕು ಸರದಿ ಕೊಟ್ಟದ್ದು ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಅನ್ನುವ ಎರಡು ಔಷಧಿ. ಡಾಕ್ಸೊರುಬಿಸಿನ್ನಿಗೆ ಅಡ್ರಿಯಾಮೈಸಿನ್ ಅಂತಲೂ ಹೆಸರು. ಇಟಲಿಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಬಂದದ್ದು ಅದು, ಅಲ್ಲಿನ ಏಡ್ರಿಯಾಟಿಕ್ ಸಮುದ್ರದ ಹೆಸರನ್ನೇ ಇಟ್ಟರು. ಬಣ್ಣ ದಾಳಿಂಬೆ ರಸದ ಹಾಗೆ ಕೆಂಪು. ಅದು ಮೈಗೆ ಹೋದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಅಂತ ಎದೆ ಒಡೆದುಕೊಳ್ಳುವುದು ಖಂಡಿತ. ಅತ್ತಿಗೆ ಹಾಗೇ ಹೆದರಿ, ಯಾರಿಗೂ ಹೇಳದೆ, ರಾತ್ರಿಯೆಲ್ಲ ದೇವರ ಮುಂದೆ ಕೂತಿದ್ದಳಂತೆ. ಮಾರನೆಯ ಬೆಳಿಗ್ಗೆ ಒಂದು ಫೋನಿನಲ್ಲಿ ಮುಗಿಯಿತು ಆ ಭಯ. ನೋಡಿ, ಹೇಳದೆ ಇದ್ದದ್ದಕ್ಕೆ ಇದು ಮೊದಲನೆಯ ದಂಡ.

ಈ ಕೆಂಪು ಔಷಧಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಡ್ರಿಪ್ಪು ಹೋಗುವಾಗ ಸೂಜಿ ಚುಚ್ಚಿದ ಜಾಗ ಉರಿದರೆ, ನೋವಾದರೆ, ಊದಿದರೆ ಆ ಕ್ಷಣವೇ ನರ್ಸನ್ನು ಕೂಗಬೇಕು. ಔಷಧಿ ರಕ್ತನಾಳದಿಂದ ಆಚೆ ಸೋರಿದರೆ ಅಲ್ಲಿಯ ಚರ್ಮ ಮಾಂಸ ಸುಟ್ಟ ಹಾಗಾಗುತ್ತದೆ. "ಸಿಸ್ಟರಿಗೆ ಬೇರೆ ಕೆಲಸ ಇದೆ, ಪಾಪ" ಅಂತ ಸುಮ್ಮನೆ ಕೂರುವ ಹೊತ್ತಲ್ಲ ಅದು.

ಇನ್ನು ವಾಂತಿ. ಕೀಮೊ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಅದೇ. 1983ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕೀಮೊ ಪಡೆಯುತ್ತಿದ್ದವರನ್ನು ನಿಮಗೆ ಅತಿ ಹೆಚ್ಚು ಕಷ್ಟ ಯಾವುದು ಅಂತ ಕೇಳಿದಾಗ ಮೊದಲನೆಯದು ವಾಂತಿ, ಎರಡನೆಯದು ಓಕರಿಕೆ, ಮೂರನೆಯದು ಕೂದಲು ಹೋಗುವುದು ಅಂದಿದ್ದರು. ಆಗ ಒಳ್ಳೆಯ ಔಷಧಿ ಇರಲಿಲ್ಲ. 1990ರ ಸುಮಾರಿಗೆ ಆಂಡಾನ್ಸೆಟ್ರಾನ್ ಬಂತು, ಆಮೇಲೆ ಇನ್ನೂ ಕೆಲವು ಬಂದವು, ಹಿಂದಿನ ಆ ವಾಂತಿ ಈಗ ಬಹುಮಟ್ಟಿಗೆ ಹತೋಟಿಗೆ ಬಂದಿದೆ. ಆದರೆ ಒಂದು ಗುಟ್ಟಿದೆ. ವಾಂತಿ ಎರಡು ಸಲ ಬರುತ್ತದೆ. ಮೊದಲ ದಿನದ್ದು ಒಂದು, ಎರಡನೆಯ ದಿನದಿಂದ ಐದನೆಯ ದಿನದವರೆಗಿನದು ಇನ್ನೊಂದು. ಮೊದಲ ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂತ ನಾವೆಲ್ಲ "ಔಷಧಿ ಒಗ್ಗಿತು" ಅಂತ ಸಂತೋಷಪಟ್ಟು ಮಾತ್ರೆ ಪೊಟ್ಟಣ ಎತ್ತಿಟ್ಟೆವು. ಮೂರನೆಯ ದಿನ ಅತ್ತಿಗೆ ನೀರು ಕುಡಿದರೂ ಕಕ್ಕಿದಳು. ಆದ್ದರಿಂದ ಬರೆದುಕೊಟ್ಟಷ್ಟು ದಿನ, ಬರೆದುಕೊಟ್ಟ ಹೊತ್ತಿಗೆ, ಹೊಟ್ಟೆ ತೊಳಸದಿದ್ದರೂ ಮಾತ್ರೆ ನುಂಗಬೇಕು. ಕೊಟ್ಟ ಮಾತ್ರೆ ಸಾಲದಿದ್ದರೆ ಬೇರೆಯದಿದೆ, ಕೇಳಿ. ಕುಡಿದ ನೀರೂ ನಿಲ್ಲದೆ ಒಂದು ದಿನ ಕಳೆದರೆ, ಮೂತ್ರ ಕಡಿಮೆಯಾದರೆ, ಆಸ್ಪತ್ರೆಗೆ ಫೋನ್ ಮಾಡಿ.

ಆ ದಿನಗಳಲ್ಲಿ ಒಗ್ಗರಣೆ ವಾಸನೆ ಶತ್ರು. ನಮ್ಮಣ್ಣ ಹೆಂಡತಿಗೆ ಇಷ್ಟ ಅಂತ ಬೆಳ್ಳುಳ್ಳಿ ಒಗ್ಗರಣೆ ಸಾರು ಮಾಡಿಸಿದ, ಅವಳು ಹಿತ್ತಲಿಗೆ ಓಡಿದಳು. ಬಿಸಿ ಬಿಸಿ ಊಟಕ್ಕಿಂತ ಆರಿದ ಊಟಕ್ಕೆ ವಾಸನೆ ಕಮ್ಮಿ. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ವಾಂತಿಯ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು, ಜೊತೆಗೆ ಕೊಡುವ ಸ್ಟಿರಾಯ್ಡಿನಿಂದ ರಾತ್ರಿ ನಿದ್ದೆ ಬಾರದು, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರುತ್ತದೆ. ಇವನ್ನೂ ಹೇಳಬೇಕು. ಇನ್ನು ಕೆಲವರಿಗೆ ಔಷಧಿ ಕೊಡುವ ಮೊದಲೇ ವಾಂತಿ! ನಮ್ಮತ್ತಿಗೆಗೆ ಮೂರನೆಯ ಸರದಿಯ ಹೊತ್ತಿಗೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ನಾಟಕ ಅಲ್ಲ ಅದು. ಮನಸ್ಸು ಜ್ಞಾಪಕ ಇಟ್ಟುಕೊಂಡು ಹಾಗೆ ಮಾಡುತ್ತದೆ, ಅದಕ್ಕೂ ಹಿಂದಿನ ದಿನವೇ ತೆಗೆದುಕೊಳ್ಳುವ ಮಾತ್ರೆ ಇದೆ.

ತಿರುಪತಿಗೆ ಹೋಗಿದ್ದೆ

ಮೊದಲ ಸರದಿಯಾಗಿ ಎರಡರಿಂದ ಮೂರು ವಾರಕ್ಕೆ ಕೂದಲು ಉದುರಲು ತೊಡಗುತ್ತದೆ. ಸ್ವಲ್ಪ ಸ್ವಲ್ಪ ಅಲ್ಲ, ತಲೆ ಬಾಚಿದರೆ ಬಾಚಣಿಗೆ ತುಂಬ, ದಿಂಬಿನ ಮೇಲೆ, ತಟ್ಟೆಯಲ್ಲಿ. ತಲೆಬುರುಡೆಯೂ ನೋಯುತ್ತದೆ. ಮೊಣಕಾಲು ಮುಟ್ಟುವ ಜಡೆ ಇದ್ದ ಅತ್ತಿಗೆ ಎರಡು ದಿನ ಕದ ಹಾಕಿಕೊಂಡಿದ್ದಳು. ಮೂರನೆಯ ದಿನ ತಾನೇ ಕ್ಷೌರದವನನ್ನು ಮನೆಗೆ ಕರೆಸಿ ಬೋಳಿಸಿಕೊಂಡಳು. ಮೊದಲೇ ಗಿಡ್ಡ ಮಾಡಿಸಿಕೊಂಡರೆ ಆ ಉದುರುವ ದುಃಖ ಅಷ್ಟು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. ಬೀದಿಯಲ್ಲಿ ಯಾರಾದರೂ ಕಣ್ಣರಳಿಸಿದರೆ "ತಿರುಪತಿಗೆ ಹೋಗಿದ್ದೆ ಕಣ್ರೀ, ಮುಡಿ ಕೊಟ್ಟೆ" ಅಂತಿದ್ದಳು! ಹೀಗಂದು ಒಳಗೆ ಬಂದು ನಕ್ಕೂ ನಕ್ಕೂ ಅತ್ತದ್ದನ್ನು ನಾನು ನೋಡಿದ್ದೇನೆ. ಹುಬ್ಬು, ರೆಪ್ಪೆಯ ಕೂದಲೂ ಹೋಗಬಹುದು, ಉಗುರು ಕಪ್ಪಾಗಬಹುದು. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ, ಮೂರರಿಂದ ಆರು ತಿಂಗಳಲ್ಲಿ ತಲೆ ತುಂಬಿಕೊಳ್ಳುತ್ತದೆ. ಮೊದಲು ನೆಟ್ಟಗಿದ್ದದ್ದು ಗುಂಗುರಾಗಿ ಬರುವುದೂ ಉಂಟು.

ಕೂದಲಿನ ಮಾತು ಬಂದಾಗ ಇನ್ನೊಂದು ಕಹಿ ಮಾತು. ಕ್ಯಾನ್ಸರು ಅಂಟುರೋಗ ಅಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮಗುವನ್ನು ಅವಳ ಮಡಿಲಿನಿಂದ ಎತ್ತಿಕೊಳ್ಳುವುದು, ಇವನ್ನು ಓದಿದವರ ಮನೆಯಲ್ಲೂ ನೋಡಿದ್ದೇನೆ. ಔಷಧಿ ಕೊಟ್ಟ ಎರಡು ದಿನ ಮಾತ್ರ ವಾಂತಿ, ಮೂತ್ರ ಬಳಿಯುವವರು ಕೈಗವಸು ಹಾಕಿಕೊಳ್ಳಿ, ಕಕ್ಕಸಿಗೆ ಎರಡು ಸಲ ಧಾರಾಳ ನೀರು ಹಾಕಿ. ಅದೂ ರೋಗಕ್ಕಲ್ಲ, ಔಷಧಿಯ ಅಂಶ ಇರುತ್ತದೆ ಅಂತ.

ಹನ್ನೊಂದನೆಯ ದಿನ

ಈಗ ನಾನು ಹೇಳಲೇಬೇಕೆಂದು ಕೂತ ಮಾತಿಗೆ ಬರುತ್ತೇನೆ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಎರಡನೆಯ ಸರದಿಯಾಗಿ ಹನ್ನೊಂದನೆಯ ದಿನ. ವಾಂತಿ ನಿಂತಿತ್ತು, ಊಟ ಸೇರುತ್ತಿತ್ತು, ಮನೆಗೆ ಕಳೆ ಬಂದಿತ್ತು. ಮಾರನೆಯ ದಿನ ಅವಳ ಮಗನಿಗೆ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ. ಸಾಯಂಕಾಲ ನಾನು ಹೋದಾಗ ಅತ್ತಿಗೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು, ಮೈಮೇಲೆ ಸ್ವೆಟರು.

"ಯಾಕೆ ಅತ್ತಿಗೆ, ಈ ಸೆಕೇಲಿ ಸ್ವೆಟರು?"

"ಏನೋ ಚಳಿ ಚಳಿ ಅನ್ನಿಸ್ತಿದೆ ಕಣೇ. ಬಿಡು, ಗಾಳಿ ಬೀಸ್ತಿದೆಯಲ್ಲ."

ಥರ್ಮಾಮೀಟರು ಇಟ್ಟು ನೋಡಿದೆ, 99. ಸಮಾಧಾನವಾಯಿತು. ನನಗೆ ಗೊತ್ತಿಲ್ಲದ್ದು ಏನೆಂದರೆ, ಮಧ್ಯಾಹ್ನವೇ ಮೈ ಸುಡುತ್ತಿತ್ತು, ಅವಳೇ ಅಡಿಗೆಮನೆಯ ಡಬ್ಬಿಯಿಂದ ಒಂದು ಪ್ಯಾರಾಸಿಟಮಾಲ್ ನುಂಗಿದ್ದಳು. ಮಗನ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂತ. ನಾನೂ ಜೀರಿಗೆ ಕಷಾಯ ಮಾಡಿಕೊಟ್ಟು ಮನೆಗೆ ಬಂದೆ. ರಾತ್ರಿ ಎರಡು ಗಂಟೆಗೆ ಅಣ್ಣ ಬಂದು ಕದ ಬಡಿದ. ಜ್ವರ 102.6. ಮೈ ಗಡಗಡ ನಡುಗುತ್ತಿತ್ತು, ಮಾತು ತೊದಲುತ್ತಿತ್ತು.

ಇದು ಯಾಕಾಯಿತು ಗೊತ್ತೇ? ಔಷಧಿ ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರಕ್ತದಲ್ಲಿನ ಬಿಳಿಕಣಗಳು ತೀರಾ ಕೆಳಕ್ಕೆ ಇಳಿಯುತ್ತವೆ. ರೋಗಾಣುಗಳ ಜೊತೆ ಹೋರಾಡುವ ಸಿಪಾಯಿಗಳು ಅವು. ಕಾವಲಿಲ್ಲದ ಮನೆಗೆ ಕಳ್ಳ ನುಗ್ಗಿದ ಹಾಗೆ, ನಮ್ಮ ಬಾಯಲ್ಲಿ, ಕರುಳಲ್ಲಿ, ಚರ್ಮದ ಮೇಲೆ ಯಾವಾಗಲೂ ಇರುವ ಸಾಧಾರಣ ರೋಗಾಣುಗಳೇ ಆಗ ರಕ್ತಕ್ಕೆ ಇಳಿದು ಕೆಲವೇ ಗಂಟೆಗಳಲ್ಲಿ ಮನುಷ್ಯನನ್ನು ಕೆಡವಿಬಿಡುತ್ತವೆ. ಕೀವು, ಊತ, ಕೆಮ್ಮು ಯಾವುದೂ ಕಾಣದಿರಬಹುದು. ಅವನ್ನೆಲ್ಲ ಉಂಟುಮಾಡುವುದೂ ಬಿಳಿಕಣಗಳೇ ತಾನೆ! ಜ್ವರ ಒಂದೇ ಗುರುತು. ಅದನ್ನೂ ಮಾತ್ರೆ ನುಂಗಿ ಮುಚ್ಚಿಬಿಟ್ಟರೆ ಗುರುತೇ ಇಲ್ಲ.

ಆದ್ದರಿಂದ ಕೀಮೊ ನಡೆಯುತ್ತಿರುವ ಮನೆಯಲ್ಲಿ ಒಂದು ಥರ್ಮಾಮೀಟರು ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಇಲ್ಲವೇ ನಡುಕ ಬಂದರೆ, ಅದು ಹಗಲಾಗಲಿ ಅರ್ಧರಾತ್ರಿಯಾಗಲಿ, ಹಬ್ಬವಾಗಲಿ ಪರೀಕ್ಷೆಯಾಗಲಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಅವರನ್ನು ಕೇಳದೆ ಜ್ವರದ ಮಾತ್ರೆ ಕೊಡಬಾರದು. ಬೆಳಗಾಗಲಿ ಅನ್ನಬಾರದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು ಅನ್ನುವುದು ವೈದ್ಯರ ನಿಯಮ. ಅಷ್ಟು ಅವಸರದ ಸಂಗತಿ ಇದು.

ಬೆಂಗಳೂರು ನಾಲ್ಕು ಗಂಟೆ ದೂರ. ನಮ್ಮನ್ನು ಉಳಿಸಿದ್ದು ಒಂದು ಚೀಟಿ. ಯಾವ ಔಷಧಿ, ಯಾವ ತಾರೀಕು, ಯಾರಿಗೆ ಫೋನ್ ಮಾಡಬೇಕು ಅಂತ ಬರೆದ ಕೀಮೊ ಕಾರ್ಡು ಅತ್ತಿಗೆಯ ಪರ್ಸಿನಲ್ಲಿತ್ತು. ನಮ್ಮೂರಿನ ಡಾಕ್ಟರು ಅದನ್ನು ನೋಡಿದವರೇ ಬೆಂಗಳೂರಿಗೆ ಫೋನ್ ಮಾಡಿ, ಅವರು ಹೇಳಿದ ಆಂಟಿಬಯಾಟಿಕ್ ಅಲ್ಲೇ ಶುರುಮಾಡಿ, ಆಮೇಲೆ ಗಾಡಿ ಹತ್ತಿಸಿದರು. ಎಂಟು ದಿನ ವಾರ್ಡಿನಲ್ಲಿದ್ದಳು. ದೊಡ್ಡ ಡಾಕ್ಟರು ಬೈಯಲಿಲ್ಲ, "ಮಧ್ಯಾಹ್ನವೇ ಹೇಳಬೇಕಿತ್ತು ಅಮ್ಮ" ಅಂದರು, ಅಷ್ಟೆ. ಮುಂದಿನ ಸರದಿಗಳಲ್ಲಿ ಬಿಳಿಕಣ ಏರಿಸುವ ಇಂಜೆಕ್ಷನ್ ಕೊಟ್ಟರು. ಅದರಿಂದ ಒಂದೆರಡು ದಿನ ಮೂಳೆಗಳು ಸಿಡಿಯುವ ಹಾಗೆ ನೋವು, ಆದರೆ ಮತ್ತೆ ಜ್ವರ ಬರಲಿಲ್ಲ. ಮಗನ ಗಣಿತದ ಪರೀಕ್ಷೆ? ಬರೆದ, ಪಾಸಾದ. ಆ ರಾತ್ರಿಯ ವಿಷಯ ನೆನೆದರೆ ಅವನಿಗೆ ಇವತ್ತಿಗೂ ಅಮ್ಮನ ಮೇಲೆ ಸಿಟ್ಟು.

ಜ್ವರದಷ್ಟೇ ಅವಸರದವು ಇನ್ನೂ ಕೆಲವಿವೆ: ಉಸಿರು ಕಟ್ಟುವುದು, ಎದೆ ನೋವು, ನಿಲ್ಲದ ರಕ್ತಸ್ರಾವ, ದಿನಕ್ಕೆ ನಾಲ್ಕೈದು ಸಲಕ್ಕಿಂತ ಹೆಚ್ಚು ಭೇದಿ, ಕೈಯೋ ಕಾಲೋ ಒಂದೇ ಕಡೆ ಊದುವುದು. ಇವಕ್ಕೂ ಕಾಯಬೇಡಿ.

ಬಾಯಿ ಹುಣ್ಣಾದಾಗ

ಐದಾರನೆಯ ದಿನದಿಂದ ಬಾಯಿ ಹುಣ್ಣಾಗಬಹುದು. ಮೆತ್ತನೆಯ ಬ್ರಷ್ಷು ಬಳಸಿ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಕಾಲು ಟೀ ಚಮಚ ಅಡಿಗೆ ಸೋಡ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಬೇಕು. ಅಂಗಡಿಯ ಉರಿಯುವ ಮೌತ್‌ವಾಷ್ ಬೇಡ. ನಾಲಗೆಗೆ ರುಚಿಯೂ ಹೋಗುತ್ತದೆ, ಏನು ತಿಂದರೂ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ಸ್ಟೀಲಿನ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್ಕಿನದೋ ಚಮಚದಲ್ಲಿ ತಿಂದು ನೋಡಿ. ಕೆಲವರಿಗೆ ಅನುಕೂಲವಾಗುತ್ತದೆ.

ಆ ದಿನಗಳಿಗೆ ನಮ್ಮ ಮನೆಯಲ್ಲಿ ನಡೆದದ್ದು ರಾಗಿ ಗಂಜಿ. ವಸ್ತ್ರದಲ್ಲಿ ಜರಡಿ ಹಿಡಿದ ನುಣ್ಣನೆಯ ರಾಗಿ ಹಿಟ್ಟು ಎರಡು ದೊಡ್ಡ ಚಮಚ, ತಣ್ಣೀರು ಒಂದೂವರೆ ಲೋಟ. ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹತ್ತು ನಿಮಿಷ ಕುದಿಸಿ. ನುಣ್ಣಗೆ ಬೆಂದ ಹೆಸರುಬೇಳೆಯ ಕಟ್ಟು ಅರ್ಧ ಲೋಟ, ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ ಹಾಕಿ ಇಳಿಸಿ. ಸಿಹಿ ಬೇಕಾದರೆ ಬೇಳೆ ಕಟ್ಟಿನ ಬದಲು ಕಾಯಿಸಿದ ಹಾಲು, ಬೆಲ್ಲ. ಚೆನ್ನಾಗಿ ಆರಿದ ಮೇಲೆ ಕೊಡಿ. ಹುಳಿ, ಖಾರ, ಮೆಣಸು ಬೇಡ. ಬಿಳಿಕಣ ಕಡಿಮೆ ಇರುವ ದಿನಗಳಲ್ಲಿ ಹೊರಗಿನ ತಿಂಡಿ, ಹೆಚ್ಚಿಟ್ಟ ಹಣ್ಣು, ಹಸಿ ಕೋಸಂಬರಿ ದೂರವಿಡಿ. ಮೊಸರು ಮಜ್ಜಿಗೆ ಕೊಡಬಹುದೇ ಅನ್ನುವುದನ್ನು ನಿಮ್ಮ ಆಸ್ಪತ್ರೆಯವರನ್ನೇ ಕೇಳಿ.

ನೋಡಲು ಬಂದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ನಮಗೆ ಬಂದದ್ದು ಲಕ್ಷ್ಮಣಫಲದ ಪುಡಿ, ಎಂಥದೋ ಬೇರಿನ ಕಷಾಯ, ಗೋಧಿ ಹುಲ್ಲಿನ ರಸ. ಲಕ್ಷ್ಮಣಫಲದಿಂದ ಮನುಷ್ಯರ ಕ್ಯಾನ್ಸರು ವಾಸಿಯಾದದ್ದಕ್ಕೆ ಸಾಕ್ಷಿ ಇಲ್ಲ. ಕೀಮೊ ಔಷಧಿಗಳನ್ನು ಕರಗಿಸುವ ಕೆಲಸ ಲಿವರಿನದು, ನಡುವೆ ಇನ್ನೊಂದು ಸೇರಿದರೆ ಔಷಧಿ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಕೊಟ್ಟವರ ಮನಸ್ಸು ನೋಯಿಸದೆ ತೆಗೆದಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ.

ಸುಸ್ತು, ಮನೆ, ಮತ್ತು ಮನೆಯವರು

2002ರಲ್ಲಿ ಫ್ರಾನ್ಸಿನವರು ಸಿಡ್ನಿಯವರ ಹಾಗೆಯೇ ರೋಗಿಗಳನ್ನು ಕೇಳಿ ಪ್ರಕಟಿಸಿದಾಗ ಪಟ್ಟಿ ಬದಲಾಗಿತ್ತು. ವಾಂತಿ ಕೆಳಗಿಳಿದಿತ್ತು. ಕೂದಲು ಎರಡನೆಯದು, ಸುಸ್ತು ಮೂರನೆಯದು. ಮೊದಲನೆಯದು ಯಾವುದಿರಬಹುದು ಹೇಳಿ? "ನನ್ನಿಂದ ನನ್ನ ಮನೆಯವರಿಗೆ ತೊಂದರೆ" ಅನ್ನುವುದು! ಓದಿ ನನಗೆ ಅತ್ತಿಗೆಯ ಮುಖವೇ ಕಣ್ಣಮುಂದೆ ಬಂತು. ದೇಶ ಯಾವುದಾದರೇನು.

ಈ ಸುಸ್ತು ನಾವು ಕಂಡ ಸುಸ್ತಲ್ಲ. ಮಲಗೆದ್ದರೂ ಹೋಗದು. ಸರದಿಯಿಂದ ಸರದಿಗೆ ಹೆಚ್ಚುತ್ತಾ ಹೋಗುತ್ತದೆ. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಿದ್ದಳು. ರಕ್ತ ಕಡಿಮೆಯಾಗಿದೆಯೋ ಅಂತ ಪರೀಕ್ಷೆ ಮಾಡಿಸಬೇಕು. ಅದಿಲ್ಲದಿದ್ದರೆ, ಆಶ್ಚರ್ಯ ಅನ್ನಿಸಬಹುದು, ದಿನಾ ಸ್ವಲ್ಪ ನಡೆಯುವುದೇ ಇದಕ್ಕೆ ಒಳ್ಳೆಯ ಮದ್ದು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಮನೆ ಮುಂದೆ ಅಡ್ಡಾಡಿದರೂ ಸಾಕು. ಹಾಗಂತ ನೀರು ಸೇದುವುದು, ಬಟ್ಟೆ ಒಗೆಯುವುದು ವ್ಯಾಯಾಮ ಅಂತ ಲೆಕ್ಕ ಹಾಕುವ ಅತ್ತೆಯರಿದ್ದರೆ ದಯವಿಟ್ಟು ಈ ಪುಟ ಅವರಿಗೂ ಓದಿ ಹೇಳಿ. ಮರೆವೂ ಬರುತ್ತದೆ. ಸಾರಿಗೆ ಎರಡು ಸಲ ಉಪ್ಪು, ಹಾಲು ಉಕ್ಕಿ ಒಲೆ ಆರಿದರೂ ತಿಳಿಯದು. ಬುದ್ಧಿ ಕೆಟ್ಟಿತು ಅಂತ ಅಳಬೇಡಿ, ಇದೂ ಚಿಕಿತ್ಸೆಯ ಜೊತೆ ಬರುವುದೇ, ಬಹಳ ಜನರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ರವಿಕೆಯ ಹುಕ್ಕು

ನಾಲ್ಕು ಸರದಿಯಾದ ಮೇಲೆ ಪ್ಯಾಕ್ಲಿಟಾಕ್ಸೆಲ್ ಅನ್ನುವ ಇನ್ನೊಂದು ಔಷಧಿ, ವಾರಕ್ಕೊಂದರಂತೆ ಹನ್ನೆರಡು ವಾರ. ಅಮೆರಿಕದ ಯೂ ಮರದ ತೊಗಟೆಯಿಂದ ಬಂದದ್ದು ಅದು. ಅದರ ರಚನೆಯನ್ನು ಕಂಡುಹಿಡಿದು 1971ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್‌ಸುಖ್ ವಾಣಿ. ವಾಂತಿ ಕಡಿಮೆ, ಅತ್ತಿಗೆ ಗೆದ್ದೆ ಅಂದುಕೊಂಡಳು. ಆದರೆ ಇದು ನರಗಳಿಗೆ ತಾಕುತ್ತದೆ. ಬೆರಳ ತುದಿ, ಪಾದ ಜುಮುಜುಮು ಅನ್ನುವುದು, ಮರಗಟ್ಟುವುದು. ಸೂಜಿಗೆ ದಾರ ಪೋಣಿಸಲಾಗದು, ರಂಗೋಲಿ ಎಳೆ ನಿಲ್ಲದು, ಕಾಲಿನಿಂದ ಚಪ್ಪಲಿ ಕಳಚಿಬಿದ್ದರೂ ತಿಳಿಯದು. ಅಡಿಗೆಮನೆಯಲ್ಲಿ ಇದು ಅಪಾಯ. ಕಾವಲಿಯ ಬಿಸಿ ಬೆರಳಿಗೆ ಗೊತ್ತಾಗುವುದಿಲ್ಲ. ಒಂದು ದಿನ ರೊಟ್ಟಿ ಹಾಕುವಾಗ ಅತ್ತಿಗೆಯ ಬೆರಳು ಬೊಬ್ಬೆ ಬಂದದ್ದನ್ನು ಮೊದಲು ನೋಡಿದವಳು ನಾನು, ಅವಳಲ್ಲ!

ಆಗಲೂ "ಡಾಕ್ಟರಿಗೆ ಹೇಳಿದರೆ ಔಷಧಿ ನಿಲ್ಲಿಸಿಬಿಟ್ಟಾರು, ರೋಗ ವಾಪಸು ಬಂದೀತು" ಅಂತ ಆರು ವಾರ ಬಾಯಿ ಬಿಡಲಿಲ್ಲ. ಕೊನೆಗೆ ರವಿಕೆಯ ಹುಕ್ಕು ಹಾಕಿಕೊಳ್ಳಲಾಗದೆ ನನ್ನನ್ನು ಕರೆದ ದಿನ ನಾನೇ ಹೇಳಿದೆ. ಡಾಕ್ಟರು ಔಷಧಿಯ ಪ್ರಮಾಣ ಸ್ವಲ್ಪ ತಗ್ಗಿಸಿದರು, ನಿಲ್ಲಿಸಲಿಲ್ಲ. ಎಷ್ಟು ಬೇಗ ಹೇಳುತ್ತೇವೋ ಅಷ್ಟು ಬೇಗ ನರಗಳು ಚೇತರಿಸಿಕೊಳ್ಳುತ್ತವೆ, ತಡವಾದರೆ ಕೆಲವರಿಗೆ ಆ ಜೋಮು ವರ್ಷಗಟ್ಟಲೆ ಉಳಿದುಬಿಡುತ್ತದೆ. ಅತ್ತಿಗೆಗೆ ಬಲಗಾಲಿನ ಎರಡು ಬೆರಳಲ್ಲಿ ಈಗಲೂ ಇದೆ.

ಯಾರಿಗೂ ಹೇಳದ ಮಾತು

ಮುಟ್ಟು ನಿಲ್ಲುತ್ತದೆ ಅಥವಾ ಏರುಪೇರಾಗುತ್ತದೆ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯೇರಿ ಬೆವರು ಕಿತ್ತು ಬರುತ್ತದೆ. ಅದನ್ನು ಜ್ವರ ಅಂತ ಗಾಬರಿಯಾಗದಿರಲಿಕ್ಕೂ ಥರ್ಮಾಮೀಟರು ಬೇಕು. ನಲವತ್ತು ದಾಟಿದವರಿಗೆ ಮುಟ್ಟು ಮತ್ತೆ ಬಾರದೆಯೂ ಇರಬಹುದು. ಚಿಕ್ಕ ವಯಸ್ಸಿನವರಿಗೆ ಬರುತ್ತದೆ, ಮತ್ತು ಗಮನಿಸಿ, ಮುಟ್ಟು ಕಾಣದ ತಿಂಗಳುಗಳಲ್ಲೂ ಗರ್ಭ ನಿಲ್ಲಬಹುದು. ಹೊಟ್ಟೆಯೊಳಗಿನ ಮಗುವಿಗೆ ಕೀಮೊ ಹಾನಿ ಮಾಡಬಹುದು. ಗರ್ಭನಿರೋಧಕ ಮಾತ್ರೆಗಳು ಸ್ತನ ಕ್ಯಾನ್ಸರಿನವರಿಗೆ ಸಲ್ಲವು, ಬೇರೆ ಉಪಾಯ ಡಾಕ್ಟರನ್ನು ಕೇಳಬೇಕು. ಮುಂದೆ ಮಕ್ಕಳು ಬೇಕೆನ್ನುವವರು ಚಿಕಿತ್ಸೆ ಶುರುವಾಗುವ ಮೊದಲೇ ಕೇಳಬೇಕು, ಆಗ ಮಾತ್ರ ಏನಾದರೂ ಮಾಡಲು ಸಾಧ್ಯ. ಒಳಗೆ ಒಣಗಿ ಉರಿಯುವುದು, ಗಂಡನ ಹತ್ತಿರ ಹೋಗಲು ಮನಸ್ಸೇ ಬಾರದಿರುವುದು, ಕನ್ನಡಿ ನೋಡಿಕೊಳ್ಳಲಾಗದಿರುವುದು, ಇವೂ ಲಕ್ಷಣಗಳೇ. ದೊಡ್ಡ ಡಾಕ್ಟರ ಮುಂದೆ ನಾಚಿಕೆಯಾದರೆ ವಾರ್ಡಿನ ಸಿಸ್ಟರ ಹತ್ತಿರ ಹೇಳಿ. ಅವರು ಇಂಥ ನೂರು ಕೇಳಿದ್ದಾರೆ.

ಹಣದ ಚಿಂತೆಗೂ ಬಾಯಿ ಬಿಡಬೇಕು. ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. 1973ರಿಂದ ಬೆಂಗಳೂರಿನಲ್ಲಿರುವ ಸರ್ಕಾರಿ ಕಿದ್ವಾಯಿ ಸಂಸ್ಥೆಯಂಥ ಕಡೆ ದರವೂ ಕಡಿಮೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯವರು ಪತ್ರ ಕೊಡುತ್ತಾರೆ.

ಒಂದು ಬರೆಯುವ ಪುಸ್ತಕ

ಜ್ವರದ ಆ ರಾತ್ರಿಯಾದ ಮೇಲೆ ಮಗ ತನ್ನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಹಾಕಿಕೊಟ್ಟ. ತಾರೀಕು, ಔಷಧಿಯಾಗಿ ಎಷ್ಟನೆಯ ದಿನ, ಜ್ವರ ಬೆಳಿಗ್ಗೆ ಸಂಜೆ, ವಾಂತಿ ಎಷ್ಟು ಸಲ, ಭೇದಿ, ಬಾಯಿ, ನಿದ್ದೆ, ನೋವು, ಬೆರಳು, ರುಚಿ. "ಅಮ್ಮ, ಇದರಲ್ಲಿ ಸುಳ್ಳು ಬರೆದರೆ ನಾನು ಮಾತಾಡಲ್ಲ" ಅಂದ. ಡಾಕ್ಟರ ಮುಂದೆ ಕೂತಾಗ ನಮಗೆಲ್ಲ ಮಾತು ಮರೆತುಹೋಗುತ್ತದೆ, "ಹೇಗಿದ್ದೀರಿ?" ಅಂದರೆ "ಚೆನ್ನಾಗಿದ್ದೀನಿ ಸಾರ್" ಅಂದುಬಿಡುತ್ತೇವೆ. ಪುಸ್ತಕ ಹಾಗನ್ನುವುದಿಲ್ಲ. ಪುಸ್ತಕ ತಿರುವಿ ನೋಡಿ ಡಾಕ್ಟರೇ ಎರಡು ಮಾತ್ರೆ ಬದಲಾಯಿಸಿದರು.

ಇದು ನಮ್ಮ ಮನೆಯ ಹುಚ್ಚು ಮಾತ್ರ ಅಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಕ್ಯಾನ್ಸರು ಬೇರೆಡೆಗೆ ಹರಡಿದ್ದ 766 ಮಂದಿ, ಅವರಲ್ಲಿ ಸ್ತನ ಕ್ಯಾನ್ಸರಿನವರೂ ಇದ್ದರು. ಒಂದು ಗುಂಪಿನವರಿಗೆ ಎಂದಿನಂತೆ ಚಿಕಿತ್ಸೆ. ಇನ್ನೊಂದು ಗುಂಪಿನವರು ತಮ್ಮ ತೊಂದರೆಗಳನ್ನು ಆಗಾಗ ಕಂಪ್ಯೂಟರಿನಲ್ಲಿ ಗುರುತು ಮಾಡಬೇಕು, ಯಾವುದಾದರೂ ಜಾಸ್ತಿಯಾದರೆ ನರ್ಸಿಗೆ ಸುದ್ದಿ ಹೋಗಬೇಕು. ಹಾಗೆ ಹೇಳಿಕೊಂಡ ಗುಂಪಿನವರು ಬದುಕಿದ್ದು ನಡುಮಟ್ಟದ ಲೆಕ್ಕದಲ್ಲಿ 31.2 ತಿಂಗಳು, ಇನ್ನೊಂದು ಗುಂಪಿನವರು 26 ತಿಂಗಳು. ಐದು ತಿಂಗಳ ಆಯಸ್ಸು, ಹೊಸ ಔಷಧಿ ಏನೂ ಇಲ್ಲದೆ. ಕಂಪ್ಯೂಟರೇ ಆಗಬೇಕೆಂದಿಲ್ಲ, ಎರಡು ಬದಿಯೂ ಬರೆಯುವ ನೋಟ್‌ಬುಕ್ಕಾದರೂ ಸರಿ, ಗೋಡೆಯ ಕ್ಯಾಲೆಂಡರಾದರೂ ಸರಿ. ಅಕ್ಷರ ಬಾರದವರಿಗೆ ಮಕ್ಕಳು ಬರೆದುಕೊಡಲಿ.

ಆ ಪುಸ್ತಕ ಈಗ ಅತ್ತಿಗೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ಈ ಲೇಖನಕ್ಕಾಗಿ ಕೇಳಿದಾಗ ಒಂದೆರಡು ದಿನ ಕೊಡಲು ಒಪ್ಪಿದಳು. ಕೊನೆಯ ಕೀಮೊ ಆಗಿ ಇಪ್ಪತ್ತಮೂರನೆಯ ದಿನ, ರುಚಿಯ ಮನೆಯಲ್ಲಿ ಅವಳದೇ ಓರೆ ಅಕ್ಷರದಲ್ಲಿ ಹೀಗೆ ಬರೆದಿದೆ: "ಮಾವಿನ ಮಿಡಿ ಉಪ್ಪಿನಕಾಯಿ ಗೊತ್ತಾಯ್ತು. ಉಪ್ಪು ಜಾಸ್ತಿ."